ಗೋಕರ್ಣದ ಹತ್ತಿರ ನರ್ಸ್, ಆಶಾ, ಆಂಬುಲೆನ್ಸಿನವರಿಗೆ ಅಂತ ನಡೆಯುವ ವೀಕೆಂಡ್ ಶಿಬಿರ: ದುಡ್ಡು ಕೊಟ್ಟು ಹೋಗಬಹುದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದು. ಆದರೆ ಬ್ಯಾನರಿನಲ್ಲಿ ದೊಡ್ಡದಾಗಿ ಹಾಕಿರುವ ಮಸಾಜು, ಬೀಚು, ಮೌನಕ್ಕಾಗಿ ಹೋಗಬೇಡಿ. ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ನೆಲದ ಮೇಲೆ ಸುತ್ತ ಕೂರಿಸುತ್ತಾರೆ, ಅದಕ್ಕಾಗಿ ಹೋಗಿ. ಐದರಲ್ಲಿ ಮೂರೂವರೆ ಸ್ಟಾರ್. ಆ ಒಂದೂವರೆ ಗಂಟೆ ಇರದಿದ್ದರೆ ಎರಡು ಕೊಡುತ್ತಿದ್ದೆ, ಅದೂ ಊಟಕ್ಕೆ.

ನಾನು ಕಾರವಾರದಲ್ಲಿ ನರ್ಸ್. ಮೆಡಿಕಲ್ ವಾರ್ಡು, ಮೂರು ಶಿಫ್ಟು, ಸರದಿ ಬಂದಾಗ ನೈಟ್. ಆಸ್ಪತ್ರೆಯವರು, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸಿನವರು, ಕೌನ್ಸೆಲರ್‌ಗಳು, ಅಂಗನವಾಡಿ ಟೀಚರ್‌ಗಳು, ಹೀಗೆ ದಿನಾ ಬೇರೆಯವರ ಕಷ್ಟ ನೋಡಿಕೊಳ್ಳುವವರಿಗೆ ಅಂತಲೇ ನಡೆಸುವ ಶಿಬಿರ ಇದು. ಗೋಕರ್ಣದಿಂದ ಸ್ವಲ್ಪ ಒಳಗೆ ಒಂದು ತೋಟದ ಮನೆ. ಶನಿವಾರ ಮಧ್ಯಾಹ್ನ ಶುರು, ಭಾನುವಾರ ಸಂಜೆ ಮುಗಿಯುತ್ತದೆ. ಹೆಸರು ಬರೆಯುವುದಿಲ್ಲ. ಕೆಲವು ವಿಷಯ ಸ್ವಲ್ಪ ಖಾರವಾಗಿಯೇ ಹೇಳಬೇಕು, ನಡೆಸುವವರು ನೋಡಿದರೆ ಸಣ್ಣವರು, ಮನಸ್ಸು ಒಳ್ಳೆಯದು. ಅಲ್ಲದೆ ಕುಡ್ಲೆ, ಓಂ ಬೀಚಿನ ಕಡೆ ಇಂಥ ಬೋರ್ಡುಗಳಿಗೇನೂ ಬರವಿಲ್ಲ. ಯಾವುದಕ್ಕೆ ಹೋದರೂ ಏನು ನೋಡಬೇಕು ಅಂತ ತಿಳಿದರೆ ಸಾಕು, ಅಲ್ವಾ?

ಒಬ್ಬರಿಗೆ 4,500 ರೂಪಾಯಿ. ಊಟ, ವಸತಿ ಎಲ್ಲ ಸೇರಿ. ರೂಮಿನಲ್ಲಿ ಮೂವರು. ಹಾಸಿಗೆ ಚೆನ್ನಾಗಿದೆ, ಸೊಳ್ಳೆಪರದೆ ಇದೆ, ಬಚ್ಚಲಲ್ಲಿ ಹಂಡೆಯ ಬಿಸಿನೀರು. ಗೋಕರ್ಣದಲ್ಲಿ ವೀಕೆಂಡ್ ರೂಮಿನ ರೇಟ್ ಗೊತ್ತಿದ್ದವರು ಇದನ್ನು ದುಬಾರಿ ಅನ್ನುವುದಿಲ್ಲ. ಆದರೆ ಆಶಾ ಅಕ್ಕಂದಿರಿಗೆ ಇದು ಸಣ್ಣ ಮೊತ್ತ ಅಲ್ಲ. ಆಶಾ ಯೋಜನೆ ಶುರುವಾದದ್ದು 2005ರಲ್ಲಿ. ಇಷ್ಟು ವರ್ಷ ಆದ ಮೇಲೂ ತಿಂಗಳಿಗೆ ಕೈಗೆ ಖಾತ್ರಿಯಾಗಿ ಇಷ್ಟು ಬರಲಿ ಅಂತ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಅವರನ್ನೂ ಕರೆದು ನಮಗೂ ಅವರಿಗೂ ಒಂದೇ ಫೀಸು ಇಡುವುದು ಯಾವ ನ್ಯಾಯ? ನಮ್ಮ ಬ್ಯಾಚಿನಲ್ಲಿ ಬಂದಿದ್ದ ಆಶಾ ಅಕ್ಕನ ದುಡ್ಡನ್ನು ಪಂಚಾಯತಿಯ ಒಬ್ಬರು ಸದಸ್ಯರು ಕೈಯಿಂದ ಹಾಕಿ ಕಳಿಸಿದ್ದರಂತೆ.

ಶನಿವಾರದ ಕಾರ್ಯಕ್ರಮವನ್ನು ಬೇಗ ಮುಗಿಸುತ್ತೇನೆ, ಹೇಳುವಂಥದ್ದು ಕಡಿಮೆ. ಹೋದ ಕೂಡಲೇ ಬೆಲ್ಲ ಹಾಕಿದ ಮುರುಗಲು ಪಾನಕ ಕೊಟ್ಟರು, ಚೆನ್ನಾಗಿತ್ತು. ಆಮೇಲೆ ಉಸಿರಾಟ. ನಾಲ್ಕು ಎಣಿಸುವವರೆಗೆ ಒಳಗೆ, ನಾಲ್ಕು ಹಿಡಿದು, ನಾಲ್ಕು ಹೊರಗೆ, ಮತ್ತೆ ನಾಲ್ಕು ಹಿಡಿದು. ಇದು ಉಪಯೋಗದ್ದೇ, ನಾನು ಈಗಲೂ ಲಿಫ್ಟಿನಲ್ಲಿ ಮಾಡುತ್ತೇನೆ. ಆದರೆ ಕಲಿಯೋಕೆ ಐದು ನಿಮಿಷ ಸಾಕು, ಅವರು ಒಂದು ಗಂಟೆ ತಗೊಂಡರು. ಸಂಜೆ ಕಂಚಿನ ಬಟ್ಟಲು ಬಾರಿಸುವುದು. ಎಲ್ಲರೂ ಚಾಪೆ ಮೇಲೆ ಮಲಗಿ ಕಣ್ಣು ಮುಚ್ಚಬೇಕು. ಆ ನಾದ ಮೆಲ್ಲಗೆ ಏರುತ್ತಾ ಬಂತು ನೋಡಿ, ನನ್ನ ಪಕ್ಕ ಮಲಗಿದ್ದ ಐಸಿಯು ಸಿಸ್ಟರ್ ದಡಕ್ಕನೆ ಎದ್ದು ಕೂತರು. "ಅಯ್ಯೋ, ವೆಂಟಿಲೇಟರ್ ಅಲಾರ್ಮ್ ಅಂದ್ಕೊಂಡೆ" ಅಂದರು. ಇಡೀ ಸಾಲು ನಕ್ಕಿತು. ಬಟ್ಟಲು ಬಾರಿಸುತ್ತಿದ್ದ ಹುಡುಗನಿಗೆ ಪಾಪ ಬೇಜಾರಾಯಿತು. ಆದರೆ ಆ ನಗುವಿನಿಂದ ಆದಷ್ಟು ಹಗುರ ಆ ಬಟ್ಟಲಿನಿಂದ ಆಗಿರಲಿಲ್ಲ, ಅದನ್ನೂ ಹೇಳಬೇಕು.

ಮಸಾಜು ಬುಕ್ ಮಾಡಿದರೆ ಬೇರೆ ದುಡ್ಡು. ಮಾಡಿಸಿಕೊಂಡೆ. ಕಾಲಿಗೆ ಹಿತವಾಗಿತ್ತು. ಎಂಟು ತಾಸು ನಿಂತವರ ಕಾಲಿಗೆ ಯಾರು ಎಣ್ಣೆ ಹಚ್ಚಿದರೂ ಹಿತವೇ.

ಊಟದ ಬಗ್ಗೆ ಮಾತ್ರ ಸ್ವಲ್ಪ ನಿಂತು ಬರೆಯಬೇಕು. ಅಡುಗೆಯವರು ಶಿರಸಿ ಕಡೆಯ ಹವ್ಯಕರ ಅಕ್ಕ. ಭಾನುವಾರ ಬೆಳಿಗ್ಗೆ ತೆಳ್ಳೇವು, ಕಾಯಿಚಟ್ನಿ, ಜೋನಿಬೆಲ್ಲ. ಮಧ್ಯಾಹ್ನ ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ, ಕೊನೆಗೆ ಅಪ್ಪೆಹುಳಿ. ಅಪ್ಪೆ ಮಾವಿನಮಿಡಿಯ ಘಮ, ಒಗ್ಗರಣೆಯಲ್ಲಿ ಇಂಗು, ಸೂಜಿಮೆಣಸಿನ ಖಾರ ಗಂಟಲಲ್ಲಿ ಚುರುಕ್ ಅನ್ನಬೇಕು, ಅಷ್ಟು ತೆಳ್ಳಗೆ. ಲೋಟದಲ್ಲಿ ಹಾಕಿಕೊಂಡು ಕುಡಿದೆವು. "ಇನ್ನೊಂದು ಸೌಟು ಹಾಕ್ಲಾ ತಂಗಿ? ಇದನ್ನ ಕುಡಿದವರು ಎದ್ದಿರೋದಿಲ್ಲ ಮತ್ತೆ" ಅಂತ ಅಕ್ಕ ಮೊದಲೇ ಎಚ್ಚರಿಸಿದ್ದರು. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅಂತ ಘಟ್ಟದ ಮೇಲಿನವರು ಹೇಳುವುದು ಸುಮ್ನೆ ಅಲ್ಲ. ಜಗಲಿಯ ತಣ್ಣನೆ ಸಿಮೆಂಟಿನ ಮೇಲೆ ಚಾಪೆ ಕೂಡ ಹಾಸದೆ ಮಲಗಿದೆವು. ಯಾರೋ ಬಡಿಸಿದ್ದನ್ನು ಕೂತು ಉಂಡು, ತಟ್ಟೆ ಕೂಡ ತೊಳೆಯದೆ ಮಲಗುವುದು! ಮನೆಯಲ್ಲಿ ನೈಟ್ ಮುಗಿಸಿ ಬಂದ ದಿನವೂ ಕುಕ್ಕರ್ ಇಡುವವರಿಗೆ ಇದರ ಬೆಲೆ ಗೊತ್ತು. ನನ್ನ ಕೇಳಿದರೆ ಸೆಲ್ಫ್ ಕೇರ್ ಅಂತ ಬ್ಯಾನರಿನಲ್ಲಿ ಬರೆಯಬೇಕಾದದ್ದು ಇದನ್ನೇ.

ನಿದ್ದೆಯ ಮಾತು ಬಂತಲ್ಲ. ಶನಿವಾರ ರಾತ್ರಿ ಒಬ್ಬರು ಡಾಕ್ಟರ್ ಬಂದು ನೈಟ್ ಡ್ಯೂಟಿ ಮತ್ತು ನಿದ್ದೆ ಬಗ್ಗೆ ಮಾತಾಡಿದರು. ಶನಿವಾರದಲ್ಲಿ ಗಟ್ಟಿ ಕಾಳು ಅಂದರೆ ಇದೊಂದೇ. ಚಹಾ, ಕಾಫಿಯಲ್ಲಿರುವ ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗೋಕೆ ಸುಮಾರು 5 ತಾಸು ಬೇಕು. ಅಂದರೆ ನಾವು ನಸುಕಿನ 3ಕ್ಕೆ ಕುಡಿದ ಸ್ಟ್ರಾಂಗ್ ಚಹಾ ಬೆಳಿಗ್ಗೆ 8ಕ್ಕೆ, ಮನೆಗೆ ಹೋಗಿ ಮಲಗುವ ಹೊತ್ತಿಗೆ, ಇನ್ನೂ ಅರ್ಧ ಒಳಗೇ ಕೆಲಸ ಮಾಡುತ್ತಿರುತ್ತದೆ. ಕುಡಿಯುವುದಾದರೆ 12ರ ಒಳಗೆ ಕುಡಿದು ಬಿಡಿ, ಅವಕಾಶ ಸಿಕ್ಕರೆ ಮಧ್ಯೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ, ಮನೆಗೆ ಬರುವಾಗ ಬಿಸಿಲಿಗೆ ಕಪ್ಪು ಕನ್ನಡಕ ಹಾಕಿ, ತೂಕಡಿಕೆ ಬರುತ್ತಿದ್ದರೆ ಸ್ಕೂಟಿ ಮುಟ್ಟಬೇಡಿ, ಮಲಗುವ ಕೋಣೆ ಕತ್ತಲೆ ಮಾಡಿ. ಅಷ್ಟೇ. ಯಾವ ಮಂತ್ರವೂ ಇಲ್ಲ. ನಾನು ಚಹಾದ ಟೈಮ್ ಬದಲಿಸಿದ್ದೇನೆ. ಫರಕು ಇದೆ.

ಇನ್ನು ಬೇಜಾರಾದ ವಿಷಯಗಳು.

ಒಂದು ಪ್ರಶ್ನಾವಳಿ ತುಂಬಿಸಿದರು. ಪ್ರೋಕ್ವಾಲ್ ಅಂತ ಕರೆಯುತ್ತಾರೆ, ನಮ್ಮಂಥ ಕೆಲಸದವರಿಗೆ ಅಂತಲೇ ಮಾಡಿದ್ದು. 30 ಪ್ರಶ್ನೆ, ಕಳೆದ 30 ದಿನದಲ್ಲಿ ಹೇಗಿತ್ತು ಅಂತ 1ರಿಂದ 5ರವರೆಗೆ ಅಂಕಿ ಹಾಕಬೇಕು. ಕೆಲಸದಿಂದ ಸಿಗುವ ತೃಪ್ತಿ ಎಷ್ಟು, ಬರ್ನ್‌ಔಟ್, ಅಂದರೆ ಕೆಲಸ ಮಾಡಿ ಮಾಡಿ ಒಳಗೆ ಬರಿದಾಗುವುದು, ಎಷ್ಟು, ಬೇರೆಯವರ ಆಘಾತ ನೋಡಿ ನೋಡಿ ನಮಗೆ ಅಂಟಿಕೊಂಡದ್ದು ಎಷ್ಟು ಅಂತ ಮೂರು ಲೆಕ್ಕ ಬೇರೆ ಬೇರೆ ಸಿಗುತ್ತದೆ. ಒಳ್ಳೆಯ ಸಾಧನ. ನನಗೆ ತೃಪ್ತಿಯೂ ಜಾಸ್ತಿ ಬಂತು, ಬರ್ನ್‌ಔಟೂ ಜಾಸ್ತಿ ಬಂತು. ಎರಡೂ ಒಟ್ಟಿಗೆ ಇರಬಹುದು ಅನ್ನುವುದೇ ನನಗೆ ಹೊಸದು. ಆದರೆ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿ! ಆಶಾ ಅಕ್ಕ, ಇಬ್ಬರು ಅಂಗನವಾಡಿ ಟೀಚರ್ ಪೆನ್ನು ಹಿಡಿದು ಅತ್ತಿತ್ತ ನೋಡುತ್ತಾ ಕೂತರು. ಕೊನೆಗೆ ಐಸಿಯು ಸಿಸ್ಟರ್ ಒಂದೊಂದೇ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳುತ್ತಾ ಹೋದರು. "ರಾತ್ರಿ ನಿದ್ದೆ ಬರ್ತದಾ ಅಕ್ಕಾ? ಒಂದಾ, ಐದಾ?" ಅಂತ ಹತ್ತು ಜನರ ಎದುರು ಕೇಳಿದರೆ ಯಾರು ನಿಜ ಹೇಳುತ್ತಾರೆ? ಅಕ್ಕ ಎಲ್ಲದಕ್ಕೂ ಮೂರು ಹಾಕಿಸಿ ಮುಗಿಸಿದರು.

ಎರಡನೆಯದು ಫೋನಿನ ಬುಟ್ಟಿ. ಬಂದ ಕೂಡಲೇ ಎಲ್ಲರೂ ಫೋನ್ ಸ್ವಿಚ್ ಆಫ್ ಮಾಡಿ ಬಿದಿರಿನ ಬುಟ್ಟಿಗೆ ಹಾಕಬೇಕು. ನಾವು ಹಾಕಿದೆವು. ಆಶಾ ಅಕ್ಕ ಹಾಕಲಿಲ್ಲ. "ನಮ್ಮೂರಲ್ಲಿ ಒಬ್ಬಳಿಗೆ ಒಂಬತ್ತು ತುಂಬಿದೆ, ಇವತ್ತೋ ನಾಳೆಯೋ" ಅಂದರು. ಬುಟ್ಟಿ ಹಿಡಿದ ಹುಡುಗಿ ನಗುತ್ತಲೇ, "ಅಕ್ಕಾ, ಇಲ್ಲ ಅನ್ನೋದನ್ನ ಕಲಿಯೋಕೇ ಅಲ್ವಾ ನಾವು ಇಲ್ಲಿ ಬಂದಿದ್ದು" ಅಂತ ಉಪದೇಶಕ್ಕೆ ಶುರು ಮಾಡಿದಳು. ಅಕ್ಕ ಏನೂ ಹೇಳದೆ ಫೋನನ್ನು ರವಿಕೆಯೊಳಗೆ ಸೇರಿಸಿಕೊಂಡರು. ಸರಿಯಾಗೇ ಮಾಡಿದರು. ಹೆರಿಗೆ ನೋವಿಗೆ ಇಲ್ಲ ಅನ್ನೋಕೆ ಆಗುತ್ತದಾ? ಆ ಹೊತ್ತಿಗೆ ಫೋನ್ ಎತ್ತಲು ಇನ್ನೊಬ್ಬರು ಇದ್ದಿದ್ದರೆ ಅಕ್ಕನೂ ಬುಟ್ಟಿಗೆ ಹಾಕುತ್ತಿದ್ದರು.

ಈ ಥರದ ಶಿಬಿರಗಳ ದೊಡ್ಡ ಕೊರತೆಯೇ ಇದು ಅಂತ ನನ್ನ ಅಭಿಪ್ರಾಯ. ಬರ್ನ್‌ಔಟ್ ಬಗ್ಗೆ 1974ರಲ್ಲಿ ಮೊದಲು ಬರೆದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಮನೋವಿಜ್ಞಾನಿ ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದ. ಹಗಲು ತನ್ನ ಪ್ರಾಕ್ಟೀಸು, ರಾತ್ರಿ ಆ ಕ್ಲಿನಿಕ್ಕು. ಜೊತೆಗಿದ್ದವರೂ, ತಾನೂ ಹೇಗೆ ಬರಿದಾಗುತ್ತಿದ್ದೇವೆ ಅನ್ನುವುದನ್ನು ನೋಡಿಯೇ ಬರೆದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಅನ್ನುವ ರೋಗಗಳ ಪಟ್ಟಿಯಲ್ಲೂ ಇದನ್ನು ರೋಗ ಅಂತ ಸೇರಿಸಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಆಗುವಂಥದ್ದು ಅಂತ ಹೇಳಿದೆ. ಸುಸ್ತು, ಕೆಲಸದ ಮೇಲೆ ತಾತ್ಸಾರ, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವ, ಈ ಮೂರು ಅದರ ಗುರುತು. ಒತ್ತಡ ಹುಟ್ಟುವುದು ಡ್ಯೂಟಿ ಚಾರ್ಟಿನಲ್ಲಿ. ಮದ್ದು ಮಾತ್ರ ನಾವು ನಮ್ಮ ಆಫ್ ದಿನದಲ್ಲಿ, ನಮ್ಮ ದುಡ್ಡಲ್ಲಿ ಮಾಡಿಕೊಳ್ಳಬೇಕು. ಸೋರುವ ಮಾಡಿನ ಕೆಳಗೆ ಹೊಸ ಬಾಲ್ದಿ ಇಟ್ಟ ಹಾಗೆ. ಶಿಬಿರದ ಎರಡೂ ದಿನ ಯಾರೂ ಚಾರ್ಟಿನ ಸುದ್ದಿ ಎತ್ತಲಿಲ್ಲ. ಒಬ್ಬ ನರ್ಸಿಂಗ್ ಸೂಪರಿಂಟೆಂಡೆಂಟನ್ನೋ, ಒಬ್ಬ ತಾಲೂಕು ಅಧಿಕಾರಿಯನ್ನೋ ಅರ್ಧ ದಿನ ಕರೆದು ಕೂರಿಸಿದ್ದರೆ ಬಟ್ಟಲು ಬಾರಿಸುವುದಕ್ಕಿಂತ ಎಷ್ಟೋ ಉಪಕಾರ ಆಗುತ್ತಿತ್ತು.

ಈಗ ಆ ಒಂದೂವರೆ ಗಂಟೆ.

ನಡೆಸಿದವರು ಧಾರವಾಡ ಕಡೆಯ ಕೌನ್ಸೆಲರ್, ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನಿಯಮ ಮೊದಲೇ ಹೇಳಿದರು. ಯಾರಾದರೂ ಒಬ್ಬರು, ತಲೆಯಿಂದ ಹೋಗದೆ ಕೂತಿರುವ ಒಂದು ಕೇಸ್ ಹೇಳಬೇಕು, ಹೆಸರು, ಊರು ಬಿಟ್ಟು. ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೂ "ನೀವು ಹಾಗೆ ಮಾಡಬೇಕಿತ್ತು" ಅನ್ನುವಂತಿಲ್ಲ. ಸಮಾಧಾನವನ್ನೂ ಹೇಳಬಾರದು. ಕೇಳಿದ್ದರಲ್ಲಿ ನಿಮಗೆ ಏನು ಕಂಡಿತು, ನಿಮ್ಮೊಳಗೆ ಏನಾಯಿತು, ಅಷ್ಟೇ. ಇದು ಅವರ ಸ್ವಂತದ್ದಲ್ಲ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಅನ್ನುವ ಹಂಗೇರಿ ಮೂಲದ ಡಾಕ್ಟರ್ ಸಾಮಾನ್ಯ ವೈದ್ಯರನ್ನು ಹೀಗೆ ಕೂರಿಸಿ ಪೇಷಂಟುಗಳ ಬಗ್ಗೆ ಮಾತಾಡಿಸುತ್ತಿದ್ದ. ಅದಕ್ಕೆ ಈಗಲೂ ಬಾಲಿಂಟ್ ಗುಂಪು ಅಂತಲೇ ಹೆಸರು. ನಮ್ಮಲ್ಲಿ ಕಾಣಸಿಗುವುದೇ ಅಪರೂಪ.

ಮೊದಲು ಯಾರೂ ಬಾಯಿ ಬಿಡಲಿಲ್ಲ. ಫ್ಯಾನ್ ಕಿರುಗುಟ್ಟುತ್ತಿತ್ತು. ಕೊನೆಗೆ ಆಂಬುಲೆನ್ಸಿನ ಹುಡುಗ ಶುರು ಮಾಡಿದ. ಎಳೆ ವಯಸ್ಸಿನ ಪೇಷಂಟ್, ತಲೆಗೆ ಪೆಟ್ಟು, ಇಲ್ಲಿಂದ ಮಣಿಪಾಲಕ್ಕೆ. ಕಾರವಾರದಿಂದ ಮಣಿಪಾಲ ಅಂದರೆ ಸುಮಾರು 200 ಕಿಲೋಮೀಟರು. ಅಷ್ಟೂ ದೂರ ಪೇಷಂಟಿನ ತಾಯಿ ಇವನ ಅಂಗಿ ಹಿಡಿದುಕೊಂಡೇ ಇದ್ದರಂತೆ. ಉಸಿರಾಟ ನೋಡುತ್ತಾ, ಆಕ್ಸಿಜನ್ ಸರಿ ಮಾಡುತ್ತಾ, ಅವರಿಗೆ ಉತ್ತರ ಕೊಡುತ್ತಾ ಹೋಗಿ ಮುಟ್ಟಿಸಿದ. ಕ್ಯಾಶುವಲ್ಟಿಯಲ್ಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡ. ಟ್ರಾಲಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಬರುವಾಗ ದಾರಿಯಲ್ಲಿ ಗಾಡಿ ತೊಳೆದ, ಚಹಾ ಕುಡಿದ, ಮುಂದಿನ ಕಾಲ್ ಬಂತು.

ಆಮೇಲೆ ಏನಾಯಿತು ಅಂತ ಯಾರೋ ಕೇಳಿದರು.

"ಗೊತ್ತಿಲ್ಲ. ಯಾವತ್ತೂ ಗೊತ್ತಾಗೋದಿಲ್ಲ."

ಅಷ್ಟು ಹೇಳಿದ್ದೇ ತಡ, ಎಲ್ಲರ ಬಾಯಿ ಬಿಚ್ಚಿತು. ಆಶಾ ಅಕ್ಕ, ಕುಮಟೆಗೆ ಕಳಿಸಿ ಅಲ್ಲಿಂದ ಮಂಗಳೂರಿಗೆ ಹೋದ ಒಬ್ಬ ಬಾಣಂತಿಯ ವಿಷಯ ತೆಗೆದರು. ಆಕೆಯ ಮನೆಯವರು ಆಮೇಲೆ ಊರೇ ಬಿಟ್ಟು ಹೋದರಂತೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಲ್ಲಿ ಡ್ಯೂಟಿಗೆ ಹಾಕಿದ್ದ ಒಬ್ಬರಿದ್ದರು. ಗಂಗಾವಳಿಯ ದಡದಲ್ಲಿ ಮಳೆಯಲ್ಲಿ ಕಾಯುತ್ತಿದ್ದ ಮನೆಯವರಿಗೆ ಬಿಪಿ ನೋಡುವುದು, ಓಆರ್‌ಎಸ್ ಕೊಡುವುದು, ಅವರ ಕೆಲಸ ಇಷ್ಟೇ ಇತ್ತು. "ಜನ ಸಿಗುತ್ತಾರಾ ಸಿಸ್ಟರ್ ಅಂತ ನನ್ನನ್ನೇ ಕೇಳುತ್ತಿದ್ದರು, ನಾನು ಬಿಪಿ ನೋಡುತ್ತಿದ್ದೆ" ಅಂದರು. ಮತ್ತೆ ಏನೂ ಹೇಳಲಿಲ್ಲ. ಈಗಲೂ ಅವರು ಆ ಜಾಗದಲ್ಲಿ ಬಸ್ಸಿನ ಕಿಟಕಿ ಪರದೆ ಎಳೆದುಕೊಳ್ಳುತ್ತಾರಂತೆ.

ನನ್ನದೂ ಬಂತು. ನಮ್ಮ ವಾರ್ಡಿನಲ್ಲಿ ದಿನಕ್ಕೆ ಒಂದಾದರೂ ರೆಫರಲ್ ಇರುತ್ತದೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಲ್ಲಿನ ಜನ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ, ಗೊತ್ತೇ ಇದೆ. ಅದರ ಸಿಟ್ಟು ಪೂರಾ ಬೀಳುವುದು ಡ್ಯೂಟಿಯಲ್ಲಿರುವ ಸಿಸ್ಟರ್ ಮೇಲೆ. "ಇಲ್ಲಿ ಏನೂ ಆಗೋದಿಲ್ಲ ಅಂದ್ಮೇಲೆ ನೀವ್ಯಾಕೆ ಇದ್ದೀರಿ" ಅಂತ ಮುಖಕ್ಕೆ ಹೇಳಿಸಿಕೊಂಡವಳು ನಾನು. ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಮಾಡೋಕೆ ವ್ಯವಸ್ಥೆ ಇರುವುದಿಲ್ಲ. ನರ್ಸುಗಳ ಈ ಸಂಕಟದ ಬಗ್ಗೆ ಅಮೆರಿಕದ ನೀತಿಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲೇ ಬರೆದಿದ್ದಾರೆ ಅಂತ ಕೌನ್ಸೆಲರ್ ಹೇಳಿದರು. ನನಗೆ ಅಳು ಬಂತು, ಅತ್ತೆ. ಯಾರೂ ಬೆನ್ನು ತಟ್ಟಲಿಲ್ಲ, ನೀರು ತಂದು ಕೊಡಲಿಲ್ಲ, "ಇರಲಿ ಬಿಡಿ ಸಿಸ್ಟರ್" ಅನ್ನಲಿಲ್ಲ. ಹಾಗೆ ಅನ್ನದೇ ಇದ್ದದ್ದು ಎಷ್ಟು ಹಿತವಾಗಿತ್ತು ಅಂತ ಹೇಗೆ ಬರೆಯಲಿ!

ಬೇರೆ ಜಿಲ್ಲೆಯವರಿಗೂ ಬರ್ನ್‌ಔಟ್ ಇದೆ, ಗೊತ್ತು. ಆದರೆ ನಮ್ಮ ಕಡೆಯವರದ್ದು ಹೀಗೆ ಅರ್ಧಕ್ಕೆ ನಿಂತ ಸುದ್ದಿಗಳ ಭಾರ. ನಮ್ಮ ಕೈಯಿಂದ ಹೋದವರು ಬದುಕಿದರಾ, ಇಲ್ಲವಾ, ಎದ್ದು ನಡೆದರಾ, ನಮಗೆ ತಿಳಿಯುವುದೇ ಇಲ್ಲ. ಸಂಬಳದ ಚೀಟಿಯಲ್ಲೂ ಇಲ್ಲ, ಟ್ರೇನಿಂಗಿನಲ್ಲೂ ಇಲ್ಲ ಇದರ ಸುದ್ದಿ. ಶಿಬಿರದವರಿಗೂ ಬಹುಶಃ ಗೊತ್ತಿರಲಿಲ್ಲ, ಬೆಂಗಳೂರಿನ ಯಾವುದೋ ಟೈಮ್‌ಟೇಬಲ್ಲನ್ನು ಹಾಗೇ ಇಲ್ಲಿ ಇಳಿಸಿದ ಹಾಗಿತ್ತು. ಆ ಕೌನ್ಸೆಲರ್ ಸುಮ್ಮನೆ ಕೂತು ಕೇಳಿಸಿಕೊಂಡದ್ದರಿಂದ ಹೊರಗೆ ಬಂತು.

ಕೊನೆಯಲ್ಲಿ ಅವರು ಒಂದು ಚಿಕ್ಕ ಹಾಳೆ ಕೊಟ್ಟರು, ಇದು ಕನ್ನಡದಲ್ಲೇ ಇತ್ತು. ಡ್ಯೂಟಿ ಮುಗಿಸಿ ಹೊರಡುವ ಮೊದಲು ಒಂದು ನಿಮಿಷ ನಿಂತು ನೋಡಿಕೊಳ್ಳಬೇಕಾದ್ದು: ಇವತ್ತು ಕಷ್ಟವಾದದ್ದು ಒಂದು, ಚೆನ್ನಾಗಿ ಆದದ್ದು ಒಂದು, ಜೊತೆಗಿದ್ದವರು ಸರಿ ಇದ್ದಾರಾ, ನೀನು ಸರಿ ಇದ್ದೀಯಾ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಂಥದ್ದನ್ನು ಬಾಗಿಲ ಹತ್ತಿರ ಅಂಟಿಸುತ್ತಾರಂತೆ. ನಾನು ನಮ್ಮ ಚೇಂಜಿಂಗ್ ರೂಮಿನ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದೇನೆ. ಕೆಲವರು ನಗುತ್ತಾರೆ, ಕೆಲವರು ಓದುತ್ತಾರೆ. ಮೂರನೆಯ ಸಾಲು ಮಾತ್ರ ನಿಜಕ್ಕೂ ಕೆಲಸ ಮಾಡುತ್ತಿದೆ, ಯಾಕಂದರೆ ಅದನ್ನು ಕೇಳೋಕೆ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ.

ಇನ್ನೊಂದು ನಾವೇ ಶುರು ಮಾಡಿದ್ದು. ರೆಫರ್ ಮಾಡಿದ ಪೇಷಂಟಿನ ಮನೆಯವರನ್ನು ಕಳಿಸುವಾಗಲೇ ಕೇಳುತ್ತೇವೆ, ಒಂದು ವಾರ ಬಿಟ್ಟು ಫೋನ್ ಮಾಡಲಾ ಅಂತ. ಹೂಂ ಅಂದವರಿಗೆ ಮಾತ್ರ ಮಾಡುತ್ತೇವೆ. ಇನ್‌ಚಾರ್ಜ್ ಸಿಸ್ಟರ್ ಮೊದಲು ಹಿಂದೆಮುಂದೆ ನೋಡಿದರು, ಆಮೇಲೆ ಒಪ್ಪಿದರು, ಈಗ ಅವರೇ ನೆನಪು ಮಾಡುತ್ತಾರೆ. ತೀರಿಕೊಂಡರು ಅನ್ನುವ ಉತ್ತರವೂ ಬರುತ್ತದೆ. ಆ ದಿನ ಊಟ ಸೇರುವುದಿಲ್ಲ. ಆದರೂ ಫೋನ್ ನಿಲ್ಲಿಸೋಣ ಅಂತ ಇದುವರೆಗೆ ಯಾರೂ ಅಂದಿಲ್ಲ.

ಈಗ ಯಾರಿಗೆ ಸರಿ, ಯಾರಿಗೆ ಬೇಡ ಅನ್ನುವುದು. ಕೆಲಸದಿಂದ ಸುಸ್ತಾಗಿದೆ, ಆದರೆ ಮನೆಯಲ್ಲಿ ನಗುತ್ತೀರಿ, ಊಟ ಸೇರುತ್ತದೆ ಅಂದರೆ ಹೋಗಿ, ಖುಷಿಯಾಗುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲ, ಯಾರ ಮುಖ ನೋಡಲೂ ಬೇಡ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಈ ಶಿಬಿರಕ್ಕೆ ಕಾಯಬೇಡಿ, ಡಾಕ್ಟರನ್ನು ಕಾಣಿ. ಊರಲ್ಲಿ ಕಂಡರೆ ನಾಲ್ಕು ಜನ ಮಾತಾಡುತ್ತಾರೆ ಅಂತ ಭಯ ಇದ್ದರೆ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ್ದೇ ಸೇವೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಉಚಿತ, ಇಪ್ಪತ್ನಾಲ್ಕು ತಾಸು, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಪೇಷಂಟುಗಳಿಗೆ ಬರೆದು ಕೊಡುತ್ತೇವೆ. ನಮ್ಮ ಫೋನಿನಲ್ಲಿ ಎಷ್ಟು ಜನ ಸೇವ್ ಮಾಡಿಕೊಂಡಿದ್ದೇವೆ?

ಬುಕ್ ಮಾಡುವ ಮೊದಲು ಫೋನಿನಲ್ಲಿ ಇಷ್ಟು ಕೇಳಿ. ಭಾನುವಾರದ ಗುಂಪನ್ನು ನಡೆಸುವವರು ಯಾರು, ಅವರು ಏನು ಓದಿದ್ದಾರೆ? ಗುಂಪಿನಲ್ಲಿ ಎಷ್ಟು ಜನ? ಹದಿನೈದಕ್ಕಿಂತ ಜಾಸ್ತಿ ಅಂದರೆ ಅದು ಭಾಷಣ ಆಗುತ್ತದೆ, ಬಿಡಿ. ಹಾಳೆಗಳು ಕನ್ನಡದಲ್ಲಿ ಇವೆಯಾ? ಆಶಾ, ಅಂಗನವಾಡಿಯವರಿಗೆ ಫೀಸು ಕಡಿಮೆ ಮಾಡುತ್ತೀರಾ? ಸುಮ್ನೆ ಕೇಳಿ, ಸಂಕೋಚ ಬೇಡ. ನಾವು ಹೊರಡುವಾಗ ಜಗಳದ ಥರ ಹೇಳಿ ಬಂದ ಮೇಲೆ ಮುಂದಿನ ಬ್ಯಾಚಿಗೆ ಅರ್ಧ ಮಾಡಿದ್ದಾರೆ ಅಂತ ಸುದ್ದಿ. ಮಸಾಜು ಬೇಡ ಅಂದರೆ ಬೇಡ ಅಂತ ಮೊದಲೇ ಹೇಳಿ, ಇಲ್ಲವಾದರೆ ಆ ಹೊತ್ತಿಗೆ ಸುಮ್ಮನೆ ಕಾಯಬೇಕಾಗುತ್ತದೆ.

ಕಾರವಾರದಿಂದ ಬರುವವರು ಅಂಕೋಲಾಕ್ಕೆ ಬಂದು ಗೋಕರ್ಣದ ಬಸ್ ಹಿಡಿಯಿರಿ. ರೈಲು ಅಂದರೆ ಗೋಕರ್ಣ ರೋಡ್ ಸ್ಟೇಷನ್, ಅಲ್ಲಿಂದ ಆಟೋದವರು ಕೇಳುವ ರೇಟಿಗೆ ಎದೆ ಗಟ್ಟಿ ಇರಬೇಕು. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟೆ ಮೇಲೆ ಬರಬೇಕು. ಸೋಮವಾರ ಬೆಳಗಿನ ಡ್ಯೂಟಿ ಇದ್ದರೆ ಅದನ್ನು ಯಾರ ಹತ್ತಿರವಾದರೂ ಬದಲಿಸಿಕೊಂಡೇ ಹೊರಡಿ. ನನಗೆ ಯಾರೂ ಸಿಗದೆ, ಭಾನುವಾರ ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿ ಮರುದಿನ ಏಳಕ್ಕೆ ವಾರ್ಡಿನಲ್ಲಿದ್ದೆ.